ಬಸಳೆ ಚಪ್ಪರದ ಕಂಬ

ನಮ್ಮ ಹಿತ್ತಲಿನ ಬಸಳೆ ಚಪ್ಪರಕ್ಕೆ ನಾಲ್ಕು ಕಂಬಗಳು. ಮೂರು ಅಡಿಕೆ ಮರದವು, ನಾಲ್ಕನೆಯದು ಸಿಮೆಂಟಿನ ಕೊಳವೆ. ಅಡಿಕೆಯ ಕಂಬಗಳು ಎರಡು ಮೂರು ಮಳೆಗಾಲಕ್ಕೆಲ್ಲ ಕುಂಬಾಗಿ ಬೀಳುತ್ತವೆ. ಅವನ್ನು ಎಷ್ಟು ಸಲ ಬದಲಾಯಿಸಿದ್ದೇವೋ ಲೆಕ್ಕವಿಲ್ಲ. ಸಿಮೆಂಟಿನದು ಮಾತ್ರ ಇಪ್ಪತ್ತೈದು ವರ್ಷಗಳಿಂದ ಅಲುಗಾಡದೆ ನಿಂತಿದೆ. ಮನೆಗೆ ಬಂದ ನೆಂಟರು, “ಇದೆಲ್ಲಿಂದ ಸಿಕ್ಕಿತು, ಟೀಚರೇ? ಒಳ್ಳೇ ಗಟ್ಟಿ ಕಂಬ!” ಎನ್ನುತ್ತಾರೆ. ನಾನು ನಕ್ಕು ಬಸಳೆಯ ದಂಟು ಕೊಯ್ದು ಅವರ ಚೀಲಕ್ಕೆ ಹಾಕುತ್ತೇನೆ. ಅದು ನಮ್ಮ ಅಡುಗೆಮನೆಯ ಹೊಗೆ ಹೊರಗೆ ಹೋಗಲೆಂದು ಬಂದ ಕೊಳವೆ ಎಂದು ಹೇಳುವುದಿಲ್ಲ. ಈಗ ಹೇಳಿಬಿಡುತ್ತೇನೆ.

1995ರಲ್ಲಿ ಮದುವೆಯಾಗಿ ಕೊಕ್ಕರ್ಣೆಗೆ ಬಂದಾಗ ನಾನು ಬಿ.ಎ., ಬಿ.ಎಡ್. ಮುಗಿಸಿದ ಹೊಸ ಹುಡುಗಿ. ತವರಿನಲ್ಲಿ ಗ್ಯಾಸ್ ಒಲೆ ಇತ್ತು. ಇಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಮೊದಲು ಕಾಣುತ್ತಿದ್ದುದು ಅತ್ತೆಯಲ್ಲ, ಹೊಗೆ. ಆ ಹೊಗೆಯೊಳಗಿಂದ ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಊದುಗೊಳವೆಯ ಸದ್ದು, ಕೊನೆಗೆ ಅತ್ತೆಯ ಮುಖ. ನಮ್ಮ ಕಡೆಯ ಕುಚ್ಚಲಕ್ಕಿಯ ಸ್ವಭಾವ ನಿಮಗೆ ಗೊತ್ತಲ್ಲ. ಬೆಳ್ತಿಗೆ ಅಕ್ಕಿಯ ಹಾಗೆ ಹತ್ತು ನಿಮಿಷಕ್ಕೆ ಬೆಂದು ಒಲಿಯುವ ಜಾತಿಯಲ್ಲ, ಗಂಟೆಗಟ್ಟಲೆ ಕಾಯಿಸುತ್ತದೆ. ಅದರ ಮೇಲೆ ನಮ್ಮ ಮಳೆಗಾಲ. ಜೂನಿನಿಂದ ನಾಲ್ಕು ತಿಂಗಳು ಸೌದೆ, ಮಡಲು, ತೆಂಗಿನ ಸಿಪ್ಪೆ ಎಲ್ಲವೂ ಬೆವರಿದ ಹಾಗೆ ಒದ್ದೆ. ಒದ್ದೆ ಸೌದೆ ಉರಿಯುವುದಿಲ್ಲ, ಅಳುತ್ತದೆ. ತನ್ನ ಜೊತೆ ಅಡುಗೆಯವಳನ್ನೂ ಅಳಿಸುತ್ತದೆ.

ಮರುವರ್ಷ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಎದ್ದು ನಾನೂ ಒಲೆಯ ಮುಂದೆ ಕೂರುತ್ತಿದ್ದೆ. ಗಂಟೆ ಎಂಟಾಗುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಊದುಗೊಳವೆ ಕಸಿದುಕೊಳ್ಳುತ್ತಿದ್ದರು. “ಹೊತ್ತಾಯ್ತ್ ಮಗಾ, ನೀನ್ ಶಾಲೆಗ್ ಹೋಗ್. ಒಲಿ ನಾನ್ ಕಾಣ್ತೆ.” ನಾನು ಮುಖ ತೊಳೆದು, ಸೀರೆ ಬದಲಾಯಿಸಿ, ಬಸ್ಸಿಗೆ ಓಡುತ್ತಿದ್ದೆ. ತರಗತಿಯಲ್ಲಿ ಮಕ್ಕಳು, “ಟೀಚರ್ ಹತ್ತಿರ ಹೊಗೆಯ ವಾಸನೆ” ಎಂದು ಪಿಸುಗುಟ್ಟಿಯಾರೋ ಎಂಬ ನಾಚಿಕೆಯೊಂದಿತ್ತು. ಅತ್ತೆಯ ಎದೆಯಲ್ಲಿ ಎಷ್ಟು ಹೊಗೆ ಇರಬಹುದೆಂಬ ಯೋಚನೆ ಮಾತ್ರ ಬರಲಿಲ್ಲ.

ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆ ವರ್ಷದ ಮಳೆ ಮುಗಿದ ಮೇಲೆ ನಮ್ಮ ಮನೆಗೆ ಸರಕಾರಿ ಯೋಜನೆಯ ‘ಹೊಗೆರಹಿತ ಒಲೆ’ ಬಂತು. ಅದರ ಹಿಂದೆ ಎಷ್ಟು ದೊಡ್ಡ ವಿದ್ವಾಂಸರ ಬೆವರಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ವಿಜ್ಞಾನವನ್ನು ಹಳ್ಳಿಗೆ ತರುವುದೇ ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೊತ್ತು ತರುವವರು ಯಾರು, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಆ ಇಂಜಿನಿಯರುಗಳು ಲೆಕ್ಕ ಹಾಕಿದರು. ಹಳ್ಳಿಯಲ್ಲಿ ಖರ್ಚಾಗುವ ಶಕ್ತಿಯ ಬಹುಪಾಲು ಸೌದೆಯದು, ಅದೂ ಅಡುಗೆಯ ಒಲೆಗೆ ಎಂದು ಗೊತ್ತಾಯಿತು. ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು ಅನ್ನಿ. ಆದರೆ ನಾವು ಹೇಳಿದ್ದು ಗೊಣಗಾಟ, ಅವರು ಬರೆದದ್ದು ಸಂಶೋಧನೆ!

1980ರ ದಶಕದಲ್ಲಿ ಅಲ್ಲಿಂದಲೇ ‘ಅಸ್ತ್ರ ಒಲೆ’ ಬಂತು. ಮೂರು ಪಾತ್ರೆ ಇಡುವ ಮಣ್ಣಿನ ಒಲೆ, ಸೌದೆಯ ಕೆಳಗೆ ಗಾಳಿ ಆಡಲು ಜಾಲರಿ, ಹೊಗೆಗೆ ಕೊಳವೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಒಮ್ಮೆ ನನಗೆ ವಿವರಿಸಿದ್ದರು: ಹೊಗೆ ಎಂದರೆ ಪೂರ್ತಿ ಉರಿಯದೆ ಉಳಿದ ಸೌದೆ. ಗಾಳಿ ಸರಿಯಾಗಿ ಸಿಕ್ಕಿದರೆ ಅದೂ ಉರಿದು ಶಾಖವಾಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರಿದರೆ, ಅಸ್ತ್ರ ಒಲೆಯಲ್ಲಿ ಪ್ರಯೋಗಾಲಯದ ಲೆಕ್ಕಕ್ಕೆ ಮೂರು ಪಾಲಿಗೂ ಹೆಚ್ಚು. ಸೌದೆ ಉಳಿತಾಯ, ಕಾಡು ಉಳಿತಾಯ, ಕಣ್ಣಿನ ನೀರೂ ಉಳಿತಾಯ. ದೇಶದ ತುಂಬ ಇಂಥ ಸುಧಾರಿತ ಒಲೆಗಳನ್ನು ಹಂಚುವ ಕಾರ್ಯಕ್ರಮವೂ ಅದೇ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿದರು. ಆ ಮೂರು ಕೋಟಿಯಲ್ಲಿ ನಮ್ಮದೂ ಒಂದು.

ಮೊದಲ ಬೇಸಿಗೆ ಹಬ್ಬದಂತಿತ್ತು. ಅತ್ತೆಯ ಮುಖ ಬಾಗಿಲಿಂದಲೇ ಕಾಣುತ್ತಿತ್ತು. ಅಕ್ಕಪಕ್ಕದವರು ಬಂದು ಹಂಚಿನ ಮೇಲೆ ಹೊಗೆ ಹೋಗುವುದನ್ನು ನೋಡಿ, “ನಿಮ್ಮದು ಸಣ್ಣ ಮಿಲ್ ಆಯ್ತಲ್ಲ!” ಎಂದರು.

ಮಳೆಗಾಲ ಬಂತು, ಒಂದೊಂದೇ ಸಂಗತಿ ಹೊರಬಿತ್ತು. ನಮ್ಮ ಅನ್ನದ ದೊಡ್ಡ ಪಾತ್ರೆ ಒಲೆಯ ಬಾಯಿಗೆ ಕೂರಲಿಲ್ಲ. ಸಣ್ಣ ಪಾತ್ರೆಯಿಟ್ಟರೆ ಗದ್ದೆ ಕೆಲಸಕ್ಕೆ ಬಂದವರಿಗೆ ಗಂಜಿ ಸಾಲುತ್ತಿರಲಿಲ್ಲ. ಸೌದೆಯನ್ನು ಗೇಣುದ್ದಕ್ಕೆ ಸೀಳಬೇಕಿತ್ತು, ಸೀಳುವವರು ಯಾರು? ಕೊಳವೆ ಹಂಚು ತೂರಿ ಹೋದ ಕಡೆ ನೀರು ಸೋರಿ ನೇರ ಒಲೆಯ ಮೇಲೆ ಬಿತ್ತು. ಇನ್ನೊಂದು ವಿಷಯವನ್ನು ಯಾವ ಇಂಜಿನಿಯರಿಗೂ ನಾವು ಹೇಳಿರಲಿಲ್ಲ. ನಮ್ಮ ಹೊಗೆಗೂ ಒಂದು ಉದ್ಯೋಗವಿತ್ತು! ಒಲೆಯ ಮೇಲಿನ ಅಟ್ಟದಲ್ಲಿ ನಾಳೆಯ ಸೌದೆ ಒಣಗುವುದು, ತೆಂಗಿನಕಾಯಿ ಕೊಬ್ಬರಿಯಾಗುವುದು, ಮಾಡಿನ ಮರಕ್ಕೆ ಹುಳು ಬೀಳದೆ ಇರುವುದು ಎಲ್ಲ ಆ ಹೊಗೆಯ ದಯೆಯಿಂದ. ಹೊಗೆ ಹೊರಗೆ ಹೋದ ಮೇಲೆ ಅಟ್ಟದ ಸೌದೆಗೆ ಬೂಷ್ಟು ಹಿಡಿಯಿತು. “ಹೊಗಿ ಇಲ್ಲದ ಒಲಿ ಎಂತ ಒಲಿ ಮಗಾ?” ಎಂದು ಅತ್ತೆ ನಕ್ಕರು.

ಕೊಳವೆಗೆ ಮಸಿ ಕಟ್ಟಿತು. ತಿಂಗಳಿಗೊಮ್ಮೆ ಕೋಲಿಗೆ ಬಟ್ಟೆ ಕಟ್ಟಿ ತಿಕ್ಕಬೇಕೆಂದು ಹಾಕಿಕೊಟ್ಟವನು ಹೇಳಿ ಹೋಗಿದ್ದ. ಮಾಡು ಹತ್ತಬೇಕಾದ ಕೆಲಸ ಗಂಡಸರದು, ಒಲೆ ಹೆಂಗಸರದು; ಕೊಳವೆ ಇಬ್ಬರ ನಡುವೆ ಅನಾಥವಾಯಿತು. ನಾನು ಒಂದು ಸಲ ಮನೆಯವರಿಗೆ ಹೇಳಿದೆ, ಅವರು “ಆದಿತ್ಯವಾರ ನೋಡುವ” ಎಂದರು, ಎಷ್ಟೋ ಆದಿತ್ಯವಾರಗಳು ಹೋದವು. ಹೊಗೆ ತಿರುಗಿ ಒಳಗೇ ಬರತೊಡಗಿತು. ಎರಡನೆಯ ಮಳೆಗಾಲ ಮುಗಿಯುವ ಮೊದಲೇ ಅತ್ತೆ ಒಲೆಯ ಬಾಯಿಯನ್ನು ಒಡೆದು ದೊಡ್ಡದು ಮಾಡಿಸಿದರು, ಕೊಳವೆ ಕೀಳಿಸಿದರು, ಹಂಚು ಮುಚ್ಚಿಸಿದರು. ಕೊಳವೆ ಹಿತ್ತಲಿಗೆ ಬಂದು ಬಸಳೆಗೆ ಆಧಾರವಾಯಿತು.

1999ರ ಬೇಸಿಗೆಯಲ್ಲಿ ಒಬ್ಬರು ಕಾಗದ ಹಿಡಿದು ಮನೆಗೆ ಬಂದರು. ಒಲೆ ಉಪಯೋಗದಲ್ಲಿದೆಯೇ, ತೃಪ್ತಿಕರವಾಗಿದೆಯೇ ಎಂದು ಬರೆದು ಸಹಿ ಹಾಕಬೇಕಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಮೆಲ್ಲಗೆ, “ಪಾಪ, ಬಿಸಿಲಲ್ ಬಂದಿದ್ರ್. ಇಲ್ಲ ಅಂತ ಹೇಳೂಕಾತ್ತಾ? ಸಮಾ ಇತ್ತ್ ಅಂತ ಬರ್ದ್ ಕೊಡ್” ಎಂದರು. ಬಂದವರಿಗೆ ಮಜ್ಜಿಗೆ ಕೊಟ್ಟೆವು. ನಾನು ನೀಟಾದ ಅಕ್ಷರದಲ್ಲಿ ‘ಉಪಯೋಗದಲ್ಲಿದೆ, ತೃಪ್ತಿಕರ’ ಎಂದು ಬರೆದು, ಕೆಳಗೆ ಬಿ.ಎ., ಬಿ.ಎಡ್. ಸಮೇತ ಸಹಿ ಮಾಡಿದೆ. ಕಾಪಿ ಹೊಡೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಟೀಚರ್ ನಾನು.

2003ರಲ್ಲಿ ನಮಗೆ ಗ್ಯಾಸ್ ಬಂತು. ಚಹಾ, ಪಲ್ಯ, ದೋಸೆ ಅದರಲ್ಲಿ. ಅನ್ನ ಮತ್ತು ಬಚ್ಚಲಿನ ಹಂಡೆಯ ನೀರು ಮೊದಲಿನಂತೆ ಸೌದೆಯಲ್ಲಿ. ಗಂಟೆಗಟ್ಟಲೆ ಗ್ಯಾಸ್ ಉರಿಸಿ ಕುಚ್ಚಲಕ್ಕಿ ಬೇಯಿಸಲು ಯಾರಿಗೆ ಮನಸ್ಸು ಬಂದೀತು? 2010ರಲ್ಲಿ ಜನಗಣತಿಯ ಮನೆಪಟ್ಟಿ ಮಾಡಲು ನನಗೇ ಡ್ಯೂಟಿ ಬಂತು. ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದು ಎಂಬುದಕ್ಕೆ ಒಂದೇ ಉತ್ತರ ಬರೆಯಬೇಕು. ಮನೆಮನೆಯಲ್ಲೂ ಹೆಂಗಸರು ಸೆರಗು ಸರಿಮಾಡಿಕೊಂಡು “ಗ್ಯಾಸ್” ಎನ್ನುತ್ತಿದ್ದರು. ಹಿಂದೆ ಅಡುಗೆಮನೆಯಿಂದ ಹೊಗೆ ಬರುತ್ತಿರುವುದು ಕಾಣುತ್ತಿದ್ದರೂ ನಾನು ಗ್ಯಾಸ್ ಎಂದೇ ಬರೆದೆ. ನಮ್ಮ ಮನೆಗೂ ಅದನ್ನೇ ಹೇಳಿದ್ದೆವು. ಆ ಗಣತಿಯಲ್ಲಿ ದೇಶದ ನೂರಕ್ಕೆ 49 ಮನೆಗಳು ಸೌದೆಯವು, 28 ಚಿಲ್ಲರೆ ಗ್ಯಾಸಿನವು ಎಂದು ಬಂತು. ಆ ಗ್ಯಾಸಿನ ಮನೆಗಳಲ್ಲಿ ನಮ್ಮಂಥವು ಎಷ್ಟಿದ್ದವೋ!

2014ರಲ್ಲಿ ಅತ್ತೆಗೆ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟತೊಡಗಿತು. ಮೊದಲು ತೋರಿಸಿದ ಕಡೆ, “ಬೀಡಿ ಸೇದುತ್ತಿದ್ದರಾ?” ಎಂದು ಕೇಳಿದರು. ಅತ್ತೆಗೆ ಆ ದಮ್ಮಿನಲ್ಲೂ ನಗು. “ಬೀಡಿಯಾ? ನಾನಾ?” ಬೀಡಿ ಇಲ್ಲವೆಂದಾದ ಮೇಲೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಹೀಗೆಯೇ ಒಂದು ವರ್ಷ ಹೋಯಿತು. ಆಮೇಲೆ ಸಿಕ್ಕಿದ ಒಬ್ಬ ವಯಸ್ಸಿನಲ್ಲಿ ಸಣ್ಣವರಾದ ಡಾಕ್ಟರಮ್ಮ ಬೇರೆ ಪ್ರಶ್ನೆ ಕೇಳಿದರು: “ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂರುತ್ತಿದ್ದರು? ಎಷ್ಟು ವರ್ಷ?”

ನಾನು ಹೇಳಿದೆ, ಅವರು ಚೀಟಿಯ ಹಿಂದೆ ಗುಣಿಸಿದರು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನವರು ಆ ಕಡೆಯ ಹಳ್ಳಿಗಳ, ಬೀಡಿ ಸಿಗರೇಟು ಮುಟ್ಟದ ಹೆಂಗಸರನ್ನೇ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೆಕ್ಕವಂತೆ ಅದು. ದಿನಕ್ಕೆ ಒಲೆಯ ಮುಂದಿನ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು. ಬಂದ ಸಂಖ್ಯೆ 60 ಮುಟ್ಟಿತೆಂದರೆ ಶ್ವಾಸನಾಳದ ದೀರ್ಘಕಾಲದ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಹೆಚ್ಚುತ್ತದೆ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತು ವರ್ಷ ಸಾಕು. ಅತ್ತೆ ಮದುವೆಯಾಗಿ ಬಂದದ್ದು 1962ರಲ್ಲಿ. ಐದು ಗಂಟೆ, ಐವತ್ತೆರಡು ವರ್ಷ. ಇನ್ನೂರ ಅರವತ್ತು.

ಆ ರಾತ್ರಿ ನಿದ್ದೆ ಬಾರದೆ ನನ್ನದನ್ನೂ ಗುಣಿಸಿದೆ. ಎಷ್ಟು ಎಳೆದರೂ ಇಪ್ಪತ್ತು ದಾಟಲಿಲ್ಲ. ಒಂದೇ ಮನೆ, ಒಂದೇ ಒಲೆ. ಯಾಕೆಂದರೆ ಪ್ರತಿದಿನ ಎಂಟು ಗಂಟೆಗೆ ಊದುಗೊಳವೆ ನನ್ನ ಕೈಯಿಂದ ಅವರ ಕೈಗೆ ಹೋಗುತ್ತಿತ್ತು. ನನ್ನ ಸಂಬಳ, ಬಡ್ತಿ, ‘ಉದ್ಯೋಗಸ್ಥ ಮಹಿಳೆ’ ಎಂಬ ಬಿರುದು, ಇವುಗಳ ಪಾಲಿನ ಹೊಗೆಯನ್ನು ಇನ್ನೊಬ್ಬರು ಕುಡಿದಿದ್ದರು.

ಅದರ ಮೇಲೆ ನಾನು ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. 1980ರ ದಶಕದ ಆರಂಭದಲ್ಲೇ ಅಮೆರಿಕದ ಕರ್ಕ್ ಸ್ಮಿತ್ ಎಂಬವರು ಭಾರತದ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಗೇ ಅಳತೆಯ ಸಾಧನ ಕಟ್ಟಿ, ಅವರ ಉಸಿರಿಗೆ ಹೋಗುವ ಹೊಗೆಯನ್ನು ಅಳೆದಿದ್ದರು. ಮನೆಯೊಳಗಿನ ಈ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಒಡಿಶಾದ ಅಧ್ಯಯನ. ಆಮೇಲೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡಫ್ಲೊ ಮತ್ತು ಜೊತೆಗಾರರು ಅಲ್ಲಿನ ಸುಮಾರು 2,600 ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಸುಧಾರಿತ ಒಲೆ ಕೊಟ್ಟ ಮೊದಲ ವರ್ಷ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆಗಳು ಬಿರುಕು ಬಿಟ್ಟವು, ಕೊಳವೆಗಳನ್ನು ಯಾರೂ ತಿಕ್ಕಲಿಲ್ಲ, ಬಳಕೆ ತಪ್ಪಿತು. ಕೊನೆಗೆ ಆರೋಗ್ಯದಲ್ಲಿ ಯಾವ ಲಾಭವೂ ಕಾಣಲಿಲ್ಲ. ಓದುವಾಗ, ಅವರು ನಮ್ಮ ಹಿತ್ತಲಿಗೇ ಬಂದು ಬಸಳೆ ಚಪ್ಪರ ನೋಡಿ ಹೋದರೋ ಎನಿಸಿತು.

ಅಲ್ಲಿ ಹೀಗೆ ತಿಳಿದದ್ದು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದ. ನಮ್ಮಲ್ಲಿಗೆ ಬಂದವರು ಕೇಳಿದ್ದು ಒಂದು ಸಲ, ನಾನು ‘ತೃಪ್ತಿಕರ’ ಎಂದೆ. ಇಂಜಿನಿಯರು ಉರಿಯನ್ನು ಅಳೆದ, ಡಾಕ್ಟರು ಎದೆಯನ್ನು ಅಳೆದರು, ಯೋಜನೆಯವರು ಒಲೆ ಎಣಿಸಿದರು. ಈ ಮೂವರಿಗೂ ಪಾತ್ರೆ ದೊಡ್ಡದು, ಮಾಡು ಸೋರುತ್ತದೆ, ಕೊಳವೆ ತಿಕ್ಕುವವರಿಲ್ಲ ಎಂದು ಹೇಳಬಹುದಾಗಿದ್ದವರು ಒಲೆಯ ಮುಂದೆ ಕೂತವರು ಮಾತ್ರ. ಓದುಬರಹ ಬಲ್ಲ ನಾನೇ ಮರ್ಯಾದೆಗೆ ಅಂಜಿ ಸುಳ್ಳು ಬರೆದ ಮೇಲೆ, ಅವರು ಎಲ್ಲಿಂದ ಒಲೆಯನ್ನು ತಿದ್ದಿಯಾರು?

ಅತ್ತೆ 2018ರಲ್ಲಿ ತೀರಿಕೊಂಡರು. ಕೊನೆಯ ಮೂರು ವರ್ಷ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ಕುಚ್ಚಲಕ್ಕಿಯನ್ನು ನಾನು ರಾತ್ರಿ ನೆನೆಸಿ ಕುಕ್ಕರಿನಲ್ಲಿ ಬೇಯಿಸತೊಡಗಿದೆ. ಅವರಿಗೆ ಆ ಗಂಜಿ ರುಚಿಸಲಿಲ್ಲ. “ಹೊಗಿ ಪರಿಮಳ ಇಲ್ಲ” ಎನ್ನುತ್ತಿದ್ದರು. ಒಂದು ದಿನ ನಾನು ಆ ಸಹಿಯ ಮಾತು ಎತ್ತಿದೆ. ನೆನಪಿತ್ತು ಅವರಿಗೆ. ಸ್ವಲ್ಪ ಹೊತ್ತು ಉಸಿರು ಸರಿ ಮಾಡಿಕೊಂಡು, “ನಾನೇ ಅಲ್ದಾ ಬರೂಕ್ ಹೇಳದ್ದ್? ನೀನ್ ಎಂತಕ್ ಬೇಜಾರ್ ಮಾಡ್ಕಂತೆ?” ಎಂದರು. ಅಲ್ಲಿಯೂ ಊದುಗೊಳವೆ ಕಸಿದುಕೊಂಡದ್ದು ಅವರೇ.

2016ರ ಉಜ್ವಲಾ ಯೋಜನೆಯ ಮೇಲೆ ನಮ್ಮ ಸುತ್ತಿನ ಬಡವರ ಮನೆಗಳಿಗೂ ಸಿಲಿಂಡರ್ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಸಿಲಿಂಡರಿನ ಬೆಲೆ ಏರಿದಾಗ, ಮನೆಗೆ ಜನ ಹೆಚ್ಚಿದಾಗ, ಮೂಲೆಯ ಸೌದೆ ಒಲೆ ಮತ್ತೆ ಹತ್ತಿಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೇನೆ.

ಹೋದ ವರ್ಷ ಸಮಾಜಕಾರ್ಯ ಓದುವ ಇಬ್ಬರು ಹುಡುಗಿಯರು ಪ್ರಶ್ನಾವಳಿ ಹಿಡಿದು ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅವರಿಗೆ ಮಜ್ಜಿಗೆ ಕೊಟ್ಟೆ. ಅಡುಗೆಗೆ ಏನು ಬಳಸುತ್ತೀರಿ ಎಂದು ಕೇಳಿ, ಗ್ಯಾಸ್ ಒಲೆ ನೋಡಿ, ತಾವೇ ಗುರುತು ಹಾಕಲು ಹೊರಟರು. “ತಡೆಯಿರಿ ಮಕ್ಕಳೇ” ಎಂದೆ. ಬಚ್ಚಲಿನ ಒಲೆಗೆ ಈಗಲೂ ಮಡಲು ಹಾಕುತ್ತೇವೆ, ಮನೆಯಲ್ಲಿ ಕಾರ್ಯವಿದ್ದರೆ ಹಿತ್ತಲಲ್ಲಿ ಸೌದೆಯಲ್ಲೇ ಅನ್ನ ಎಂದು ಹೇಳಿದೆ. ಒಬ್ಬಳು, “ಅದಕ್ಕೆ ಇಲ್ಲಿ ಜಾಗ ಇಲ್ಲ ಮೇಡಂ” ಎಂದಳು. “ಹಾಗಾದರೆ ಅಂಚಿನಲ್ಲಿ ಬರೆದುಕೋ” ಎಂದೆ. ಆಮೇಲೆ ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ನಾಲ್ಕನೆಯ ಕಂಬವನ್ನು ತೋರಿಸಿದೆ. ಅದರ ಒಳಗೆ ಕೈಹಾಕಿ ನೋಡಿದವಳ ಬೆರಳಿಗೆ ಇನ್ನೂ ಮಸಿ ಅಂಟಿತು.