ಸರ್ವರಿಗೆ ಬೀಗ ಹಾಕಿದ್ದು

ತೊಗರಿ ಕಣಕ್ಕೆ ಬಂದಿತೆಂದರೆ ರಾಶಿ ಮುಗಿಯುವವರೆಗೂ ನಮ್ಮ ಅಪ್ಪ ಮನೆಯಲ್ಲಿ ಮಲಗುವವರಲ್ಲ. ಕಂಬಳಿ ಹೊದ್ದು ಕಣದಲ್ಲೇ ಅವರ ರಾತ್ರಿ. ಕಾವಲೆಂಬುದರ ವಿಷಯವಾಗಿ ನನಗೆ ಗೊತ್ತಿದ್ದುದು ಅಷ್ಟೇ. ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ನಾನೊಂದು ಸರ್ವರನ್ನು ಬಾಡಿಗೆಗೆ ಹಿಡಿದೆ.

ಬಿ. ಎ. ಓದುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ರಾಶಿ ಮಾಡುವ ಯಂತ್ರ ಯಾರ ಬಳಿ ಇದೆ, ಯಾವ ದಿನ ಬಿಡುವಾಗಿದೆ ಎಂಬುದು ತಿಳಿಯದೆ ನಮ್ಮ ಸೇಡಂ ಕಡೆಯ ರೈತರೂ ಚಿಂಚೋಳಿ, ಚಿತ್ತಾಪುರದವರೂ ಪಡುವ ಪಾಡು ಕಂಡು, ಅದನ್ನೆಲ್ಲ ಒಂದು ಜಾಲಪುಟದಲ್ಲಿ ಇಡಲು ಹೊರಟಿದ್ದೆ. ಅರುವತ್ತು ಮಂದಿ ತಮ್ಮ ಹೆಸರು, ಫೋನ್ ನಂಬರು, ಜಮೀನಿನ ಎಕರೆ ಎಲ್ಲವನ್ನೂ ನಂಬಿ ಬರೆಯಿಸಿದರು. ಕೆಲವರು ಆಧಾರ್ ನಂಬರನ್ನೂ ಹೇಳಹೊರಟರು! ಬೇಡವೆಂದು ತಡೆದೆ. ನಾನು ಮಾಡಿದ ಮೊದಲನೆಯ ಜಾಣ ಕೆಲಸವೆಂದರೆ ಅದೇ.

ಉಬುಂಟು ಲಿನಕ್ಸ್ ಹಾಕಿದ ಯಂತ್ರ, 'ರೂಟ್' ಎಂಬ ಸರ್ವಾಧಿಕಾರಿ, ಅವನಿಗೊಂದು ಪಾಸ್‌ವರ್ಡು, ಇಷ್ಟು ಕೈಗೆ ಬಂದಿತು. ವಿಳಾಸವನ್ನು ಯಾರಿಗೂ ಹೇಳಿರಲಿಲ್ಲ. ಆದರೂ ಊಟ ಮಾಡಿ ಬಂದು ಪ್ರವೇಶದ ದಾಖಲೆಯನ್ನು ತೆರೆದು ನೋಡುತ್ತೇನೆ, ಕಂಡರಿಯದ ವಿಳಾಸಗಳಿಂದ ಯಾರೋ 'ರೂಟ್' ಎಂದು ಹೆಸರು ಹೇಳಿ ಒಂದಾದ ಮೇಲೊಂದು ಪಾಸ್‌ವರ್ಡು ಪ್ರಯೋಗಿಸುತ್ತಿದ್ದಾರೆ! ಮನುಷ್ಯರಲ್ಲ; ಅಂತರಜಾಲದ ಬಾಗಿಲುಗಳನ್ನೆಲ್ಲ ಹಗಲಿರುಳು ತಟ್ಟುತ್ತ ಹೋಗುವ ಯಂತ್ರಗಳು. 972ರಲ್ಲಿ ನಮ್ಮ ಮಳಖೇಡವನ್ನು ಸೂರೆಗೊಂಡ ಪರಮಾರ ಸೀಯಕನಾದರೂ ದಂಡು ಕಟ್ಟಿಕೊಂಡು ದಾರಿ ನಡೆದು ಬರಬೇಕಾಗಿತ್ತು. ಇವಕ್ಕೆ ಅದೂ ಬೇಡ.

ಆ ರಾತ್ರಿ ನಿದ್ರೆ ಹಾರಿತು. ರೂಟನ್ನು ಬದಿಗಿರಿಸಿ ಸಾಮಾನ್ಯ ಬಳಕೆದಾರನೊಬ್ಬನನ್ನು ಮಾಡಿ, ಅಗತ್ಯ ಬಿದ್ದಾಗ ಮಾತ್ರ 'ಸುಡೊ' ಎಂದು ಅಧಿಕಾರ ಪಡೆಯುವಂತೆ ಮಾಡಿದೆ. ಬಳಿಕ ಎಸ್‌ಎಸ್‌ಎಚ್ ಕೀಲಿಗಳು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳ ಕಳವಾದ ಮೇಲೆ, 1995ರಲ್ಲಿ ಅಲ್ಲಿಯ ತಾತು ಯೂಲೊನೆನ್ ಎಂಬವರು ಎಸ್‌ಎಸ್‌ಎಚ್ ರಚಿಸಿದರಂತೆ. ಕೀಲಿಗಳೆರಡು: ಗುಪ್ತವಾದುದು ನನ್ನ ಕಂಪ್ಯೂಟರಿನಲ್ಲಿ, ಬಹಿರಂಗವಾದುದು ಸರ್ವರಿನಲ್ಲಿ. ಸರ್ವರಿನಲ್ಲಿರುವುದನ್ನು ಕದ್ದರೂ ಅದರಿಂದ ಬಾಗಿಲು ತೆರೆಯದು. ಕೀಲಿ ಹತ್ತುತ್ತದೆಂದು ಎರಡು ಸಲ ನೋಡಿಕೊಂಡು ಪಾಸ್‌ವರ್ಡಿನ ದಾರಿಯನ್ನೂ ರೂಟಿನ ಪ್ರವೇಶವನ್ನೂ ಮುಚ್ಚಿದೆ.

ಇನ್ನು ಫೈರ್‌ವಾಲ್. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾದವರಿಗೆ ಇದು ಸುಲಭವಾಗಿ ತಿಳಿದೀತು. ಪ್ಲಾಟ್‌ಫಾರಮ್ಮಿಗೆ ನಂಬರಿರುವಂತೆ ಸರ್ವರಿನ ಪೋರ್ಟಿಗೂ ನಂಬರು. ಆದರೆ ಇಲ್ಲಿ ಅರುವತ್ತೈದು ಸಾವಿರಕ್ಕೂ ಮಿಕ್ಕಿವೆ. 80, 443 ಪುಟ ನೋಡಬರುವವರಿಗೆ. 22 ಎಸ್‌ಎಸ್‌ಎಚ್‌ಗೆ, ಎಂದರೆ ನನಗೆ. ಮೊದಲೆರಡನ್ನು ತೆರೆದಿಟ್ಟು ಉಳಿದುದೆಲ್ಲ ಬಂದ್ ಎಂದೆ. ಹೊರಬಂದು ಮರಳಿ ಒಳಹೋಗಲು ನೋಡಿದರೆ ಸರ್ವರ್ ಮಾತನಾಡಲೊಲ್ಲದು! ಕಳ್ಳರೊಡನೆ ನನ್ನನ್ನೂ ಹೊರಗಿಟ್ಟಿದ್ದೆ. ಬಾಡಿಗೆ ಕೊಟ್ಟವರ ತಾಣದಲ್ಲಿ ಕನ್ಸೋಲ್ ಎಂಬ ಹಿತ್ತಲ ಬಾಗಿಲು ಇದ್ದುದರಿಂದ ಬದುಕಿದೆ.

ತಾನಾಗಿಯೇ ಭದ್ರತೆಯ ತಿದ್ದುಪಡಿಗಳನ್ನು ಪಡೆಯುವ ಏರ್ಪಾಡು, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ, ಇವು ಬೆಳಗಾಗುವುದರೊಳಗೆ ಆದವು. ಪಟ್ಟಿಯ ಒಂದು ಪ್ರತಿಯನ್ನು ಗೂಢಲಿಪಿಗೊಳಿಸಿ ಶಹಾಬಾದಿನ ಗೆಳೆಯನ ಬಳಿ ಇರಿಸಿದೆ.

ಮರುದಿನ ಸಂಜೆ ಅಪ್ಪ ಕೇಳಿದರು: "ರಾತ್ರೆಲ್ಲ ಏನ್ ಮಾಡ್ಲಾಕತ್ತಿದ್ದಿ?"

"ಕಾವಲ, ಅಪ್ಪಾ." ದಾಖಲೆಯನ್ನು ತೋರಿಸಿದೆ. ಬಾಗಿಲು ತಟ್ಟುವವರು ಇನ್ನೂ ನಿಂತಿರಲಿಲ್ಲ.

"ನಮ್ಮ ನಂಬರ್ ಅದರಾಗ ಅದ ಏನು?"

"ಅದ. ಊರವರ್ದೆಲ್ಲ ಅದ."

"ಹಂಗಾದ್ರ ಮಲಗೂಕಿಂತ ಮೊದ್ಲ ಇನ್ನೊಮ್ಮಿ ನೋಡು," ಎಂದು ಕಂಬಳಿಯನ್ನು ಹೆಗಲಿಗೇರಿಸಿ ಅವರು ಕಣದ ಕಡೆ ನಡೆದರು.