ಕೂರಿಗೆ ಇಲ್ಲದ ಬಿತ್ತನೆ

ಬೋಧನಾಭ್ಯಾಸದ ಮೂರನೆಯ ವಾರ. ಶಹಾಬಾದಿನ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಪೀಠಿಕೆಯ ಪ್ರಶ್ನೆಗಳಿಗೆ ಮಕ್ಕಳು ಒಂದಿಷ್ಟೂ ತಡವರಿಸದೆ ಉತ್ತರ ಕೊಟ್ಟರು. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಉತ್ತರಗಳು ಮಕ್ಕಳವಲ್ಲ.’ ನಿಜವೇ. ಹಿಂದಿನ ದಿನವೇ ನಾನು ಅವನ್ನು ಬಾಯಿಪಾಠ ಮಾಡಿಸಿದ್ದೆ. ನಮ್ಮಲ್ಲಿ ಬಹಳ ಜನ ಹೀಗೆ ಮಾಡಿರುತ್ತೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಅದೇ ಭಾನುವಾರ ವಾಡಿಯ ನಮ್ಮ ಸಭೆಗೆ ಬೆಂಗಳೂರಿನಿಂದ ಅತಿಥಿ ಪ್ರಸಂಗಿಗಳು ಬರುವವರಿದ್ದರು. ನಮ್ಮ ಸಭಾಪಾಲಕರು ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲೂ ಆರಾಧನೆ ನಡೆಸಬೇಕು. ಅವರು ನನ್ನನ್ನು ಕರೆದು, “ಮಾಸ್ತರ ಆಗಾವ ನೀನ ಅಲ್ಲೇನಪ್ಪಾ, ಸಭಿ ತಯಾರ ಮಾಡು” ಎಂದರು.

ಜಮಖಾನೆ, ಮೈಕು, ಡೋಲಕ್ಕು, ಹಾಡುಗಳ ಆಯ್ಕೆ ಇವೆಲ್ಲ ಒಂದು ಸಂಜೆಯ ಕೆಲಸ. ಕಷ್ಟ ಇದ್ದದ್ದು ಜನರಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದ ಮೇಲೆ ಈ ಜಂಕ್ಷನ್ನಿಗೆ ಹಲವು ಭಾಷೆಯವರು ಬಂದು ನೆಲೆಸಿದರು. ನಮ್ಮ ಸಭೆಯಲ್ಲಿ ತೆಲುಗಿನಲ್ಲಿ ಲೆಕ್ಕ ಮಾಡುವ ನಿವೃತ್ತ ರೈಲ್ವೆಯವರಿದ್ದಾರೆ, ಸಿಮೆಂಟ್ ಕಾರ್ಖಾನೆಯವರಿದ್ದಾರೆ, ಫರ್ಸಿ ಕಲ್ಲಿನ ಗಣಿಗೆ ಹೋಗುವವರಿದ್ದಾರೆ, ತೊಗರಿ ಬೆಳೆಯುವವರಿದ್ದಾರೆ. ಹಿರಿಯರಲ್ಲಿ ಕೆಲವರಿಗೆ ಓದು ಬಾರದು.

ಅತಿಥಿಗಳು ಆರಿಸಿಕೊಂಡದ್ದು ಮತ್ತಾಯನ 13ನೆಯ ಅಧ್ಯಾಯ, ಬಿತ್ತುವವನ ಸಾಮ್ಯ. ಬೀಜ ಒಂದಿಷ್ಟು ದಾರಿಯ ಮಗ್ಗುಲಿಗೆ, ಒಂದಿಷ್ಟು ಬಂಡೆಯ ನೆಲಕ್ಕೆ, ಒಂದಿಷ್ಟು ಮುಳ್ಳುಗಿಡಗಳಲ್ಲಿ, ಒಂದಿಷ್ಟು ಒಳ್ಳೆಯ ನೆಲಕ್ಕೆ ಬೀಳುತ್ತದೆ. ಶುಕ್ರವಾರ ಸಂಜೆಯ ಕೂಟದಲ್ಲಿ ನಾನು ಅದನ್ನು ಓದಿಸಿ, ನಾಲ್ಕು ನೆಲ, ನಾಲ್ಕು ಅರ್ಥ ಹೇಳಿಕೊಟ್ಟೆ. ಸಂಡೇ ಸ್ಕೂಲಿನ ಮಕ್ಕಳಿಗೆ ಬೆರಳು ಮಡಚುತ್ತ ಹೇಳುವುದನ್ನೂ ಕಲಿಸಿದೆ. ಶಾಲೆಯಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದೇನೆಂದು ಆಗ ಹೊಳೆಯಲಿಲ್ಲ.

ಗೋಡೆಗೆ ಒರಗಿ ಕುಳಿತಿದ್ದ ಆಯಿಯೊಬ್ಬರು ಕೇಳಿದರು: “ತಮ್ಮಾ, ಹಾದಿ ಮ್ಯಾಲ ಬಿತ್ತಾವ ಎಂಥಾ ಒಕ್ಕಲಿಗ? ಅವನ ಮನ್ಯಾಗ ಕೂರಿಗಿ ಇದ್ದಿಲ್ಲೇನು?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಕಡೆ ಕೂರಿಗೆಯ ಬಟ್ಟಲಿಗೆ ಹಾಕಿದ ಕಾಳು ಕೊಳವೆಯೊಳಗಿಂದ ನೇರ ಸಾಲಿಗೇ ಇಳಿಯುತ್ತದೆ. ಹಾದಿಗೆ ಬಿದ್ದರೆ ಅದು ಬಿತ್ತುವವನ ತಪ್ಪು. ಹಾಗಾದರೆ ಈ ಕಥೆಯಲ್ಲಿ ತಪ್ಪು ನೆಲದ್ದೋ, ಬಿತ್ತಿದವನದ್ದೋ? ನನ್ನ ನಾಲ್ಕು ಅರ್ಥಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಂಡೆಯ ನೆಲದ ವಿಷಯಕ್ಕೆ ಮಾತ್ರ ಯಾರ ವಿವರಣೆಯೂ ಬೇಕಾಗಲಿಲ್ಲ. ಗಣಿಗೆ ಹೋಗುವ ಕಾಕಾ ಒಬ್ಬರು, “ಕೆಳಗ ಫರ್ಸಿ, ಮ್ಯಾಲ ಗೇಣು ಮಣ್ಣು. ಲಗೂನ ಹುಟ್ಟತದ, ಲಗೂನ ಒಣಗತದ” ಎಂದು ಮುಗಿಸಿದರು. ಅದನ್ನು ವಿವರಿಸಲು ನಾನು ಹತ್ತು ನಿಮಿಷ ತೆಗೆದುಕೊಂಡಿದ್ದೆ.

ಮನೆಯಲ್ಲಿದ್ದ ವ್ಯಾಖ್ಯಾನದ ಪುಸ್ತಕ ತೆಗೆದು ನೋಡಿದೆ. ಯೇಸುವಿನ ನಾಡಿನಲ್ಲಿ ಬೀಜವನ್ನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು, ಹೊಲಗಳ ನಡುವೆಯೇ ಕಾಲುದಾರಿ ಹಾದುಹೋಗುತ್ತಿತ್ತು. ಇದನ್ನು ಅತಿಥಿಗಳಿಗೆ ಮೊದಲೇ ತಿಳಿಸಬೇಕೋ ಬೇಡವೋ? “ದೊಡ್ಡವರು, ಅವರಿಗೆ ನಾವು ಹೇಳೂದು ಛಲೋ ಅಲ್ಲ” ಎಂದರು ಸಭಾಪಾಲಕರು. ಶನಿವಾರ ರಾತ್ರಿಯವರೆಗೂ ಒದ್ದಾಡಿ, ಕೊನೆಗೆ ಫೋನ್ ಮಾಡಿದೆ. ಅವರು ರೈಲಿನಲ್ಲಿದ್ದರು. “ಕೂರಿಗೆ ಅಂದರೆ ಹೇಗಿರುತ್ತದಪ್ಪಾ?” ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ತಾಯಿ ನಾಳೆ ಬರುತ್ತಾರಾ?” ಎಂದರು.

ಭಾನುವಾರ ಅವರು ಪ್ರಸಂಗವನ್ನು ಅದೇ ಪ್ರಶ್ನೆಯಿಂದ ಶುರು ಮಾಡಿದರು: “ಇವನು ಹಾದಿಯ ಮೇಲೂ ಯಾಕೆ ಬಿತ್ತಿದ?” ಕೂಡಲೇ ಸಂಡೇ ಸ್ಕೂಲಿನ ಮಕ್ಕಳು ಬೆರಳು ಮಡಚುತ್ತ ನಾಲ್ಕೂ ನೆಲ, ನಾಲ್ಕೂ ಅರ್ಥ ಒಂದೇ ಉಸಿರಿಗೆ ಒದರಿದರು. ಕೇಳದ ಪ್ರಶ್ನೆಗೆ ಸರಿಯಾದ ಉತ್ತರ! ನಾನು ತಲೆ ತಗ್ಗಿಸಿದೆ. ಅತಿಥಿಗಳು ಗದರಲಿಲ್ಲ, ಶಹಬ್ಬಾಸ್ ಎನ್ನಲೂ ಇಲ್ಲ. ಸದ್ದು ಅಡಗಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ಕಾದರು. ಅಷ್ಟು ಹೊತ್ತು ಕಾಯುವುದನ್ನು ನಾನು ಯಾವ ತರಗತಿಯಲ್ಲೂ ಕಂಡಿರಲಿಲ್ಲ. ಡೋಲಕ್ಕಿನವನು ಗಡಿಯಾರ ನೋಡಿದ.

ಆಯಿ ಸೆರಗು ತಲೆಗೆಳೆದುಕೊಂಡು, ನೆಲ ನೋಡುತ್ತಲೇ ಹೇಳಿದರು: “ಅಂವನ ಹಂತ್ಯಾಕ ಬೀಜ ಬಾಳ ಇತ್ತು ಕಾಣತದ.”

ಅತಿಥಿಗಳು ಬರೆದು ತಂದಿದ್ದ ಹಾಳೆಯನ್ನು ಮಡಚಿ ಸತ್ಯವೇದದೊಳಗೆ ಇಟ್ಟರು. ಆಮೇಲಿನ ಅರ್ಧ ಗಂಟೆ ಅವರು ಆ ಒಂದು ಮಾತಿನ ಮೇಲೆಯೇ ಮಾತಾಡಿದರು.

ಸೋಮವಾರದ ಪಾಠಯೋಜನೆಯಲ್ಲಿ ‘ಮಕ್ಕಳ ಪೂರ್ವಜ್ಞಾನ’ ಎಂಬ ಕಲಮನ್ನು ಖಾಲಿ ಬಿಟ್ಟೆ. ತರಗತಿಗೆ ಹೋಗಿ ಕೇಳಿ, ಆಮೇಲೆ ಬರೆಯೋಣವೆಂದು. ಮಾರ್ಗದರ್ಶಕರು ಅಲ್ಲಿ ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದರು.