ಷರಾ ಕಾಲಮ್ಮಿಗೆ ಹಿಡಿಸದ್ದು

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಟೇಬಲ್ ಟೆನಿಸ್ ಮೇಜಿನ ಪಕ್ಕಕ್ಕೆ, ಒಂದು ಕನ್ನಡ ಕಪಾಟು ಬಂದಿದೆ. ರಾಜ್ಯೋತ್ಸವದ ಚಂದಾದಲ್ಲಿ ಉಳಿದ ದುಡ್ಡು. ಪುಸ್ತಕ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ನಿವೃತ್ತ, ಮೇಲಾಗಿ ಸಭೆಯಲ್ಲಿ ಬಾಯಿ ಬಿಟ್ಟವನೂ ನಾನೇ. ಸೆಕ್ರೆಟರಿಯವರದು ಎರಡೇ ಷರತ್ತು. ಹಳೇದು ಬೇಡ, ಅನಕೃ, ತ್ರಿವೇಣಿ ಆಗಲೇ ಎರಡು ಮೂಟೆ ದಾನ ಬಂದಿದ್ದಾರೆ. 2011ರಿಂದ 2020ರೊಳಗಿನ ಹೆಸರಾದ ಪುಸ್ತಕಗಳು ಸಾಕು. ಎರಡನೆಯದು, ಮೇಲಿನ ಹಲಗೆ ಫಿಕ್ಷನ್, ಕೆಳಗಿನದು ನಾನ್‌ಫಿಕ್ಷನ್. ಬಡಗಿ ಆಗಲೇ ಎರಡು ಪಟ್ಟಿ ಹೊಡೆದಾಗಿತ್ತು: ‘ಕಥೆ’, ‘ಕಥೆಯಲ್ಲದ್ದು’.

ಕೊಟ್ಟದ್ದು ತಂದದ್ದು ಬರೆಯಲು ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಕ್ರಮಸಂಖ್ಯೆ, ಪುಸ್ತಕ, ಹಲಗೆ, ಫ್ಲಾಟ್ ನಂಬರು, ಸಹಿ, ಷರಾ. ಬದುಕಿಡೀ ಕಚೇರಿಯಲ್ಲಿ ಷರಾ ಬರೆದ ಕೈ ಇದು. ಮೂರೇ ದಿನಕ್ಕೆ ಆ ಕಾಲಮ್ಮು ಸಾಲದಾಯಿತು. ಅದಕ್ಕೇ ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ.

*

ಹೆಸರಾದದ್ದು ಯಾವುದು ಎಂದು ಯಾರನ್ನು ಕೇಳುವುದು? ಸರ್ಕಾರಿ ಬುದ್ಧಿ, ಮೊದಲು ಕೇಂದ್ರ ಸಾಹಿತ್ಯ ಅಕಾಡೆಮಿಯ ಪಟ್ಟಿ ಹಿಡಿದು ಕೂತೆ. ಕನ್ನಡಕ್ಕೆ ಬಂದ ಹತ್ತು ವರ್ಷದ ಹತ್ತು ಪ್ರಶಸ್ತಿಗಳಲ್ಲಿ ಕಾದಂಬರಿ ಎರಡೇ: 2011ರಲ್ಲಿ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’, 2016ರಲ್ಲಿ ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’. ಕಾವ್ಯ ಮೂರು. ವಿಮರ್ಶೆ, ಪ್ರಬಂಧ ಸೇರಿ ನಾಲ್ಕು. ಆತ್ಮಕಥೆ ಒಂದು, ವಿಜಯಾ ಅವರ ‘ಕುದಿ ಎಸರು’, 2019. ಸಣ್ಣಕತೆ? ಸೊನ್ನೆ. ಎರಡು ಸಲ ಎಣಿಸಿದೆ. ಅದಕ್ಕೆ ಹಿಂದೆ 2009ರಲ್ಲಿ ವೈದೇಹಿಯವರ ‘ಕ್ರೌಂಚ ಪಕ್ಷಿಗಳು’ ಇದೆ, ಆಮೇಲೆ 2020ರವರೆಗೂ ಬಾಗಿಲು ಮುಚ್ಚಿಯೇ ಇತ್ತು.

ಅದೇ ಅಕಾಡೆಮಿಯ ಯುವ ಪುರಸ್ಕಾರದ ಪಟ್ಟಿ ನೋಡಿದರೆ ತಲೆ ಇನ್ನಷ್ಟು ಕೆಟ್ಟಿತು. 2015 ಮೌನೇಶ ಬಡಿಗೇರ, ‘ಮಾಯಾಕೋಲಾಹಲ’. 2016 ವಿಕ್ರಮ ಹತ್ವಾರ, ‘ಜೀರೊ ಮತ್ತು ಒಂದು’. 2017 ಶಾಂತಿ ಕೆ. ಅಪ್ಪಣ್ಣ, ‘ಮನಸು ಅಭಿಸಾರಿಕೆ’. 2018 ಪದ್ಮನಾಭ ಭಟ್ ಶೇವ್ಕಾರ, ‘ಕೇಪಿನ ಡಬ್ಬಿ’. ನಾಲ್ಕಕ್ಕೆ ನಾಲ್ಕೂ ಕಥಾಸಂಕಲನ. ಒಂದೇ ಸಂಸ್ಥೆ, ಒಂದೇ ಭಾಷೆ, ಅವೇ ವರ್ಷಗಳು. ಮೂವತ್ತೈದು ದಾಟದವರು ಕತೆ ಬರೆದರೆ ಭೇಷ್, ದಾಟಿದವರು ಬರೆದರೆ ‘ವಿಮರ್ಶೆ ಇದ್ದರೆ ತೋರಿಸಿ’ ಅನ್ನುವ ಹಾಗಿದೆ. ಮಾಸ್ತಿಯವರಿಗೇ 1968ರಲ್ಲಿ ಸಣ್ಣಕತೆಗೆ ಕೊಟ್ಟ ಪ್ರಶಸ್ತಿ ಇದು. ಸಣ್ಣಕತೆ ಯಾವಾಗಿನಿಂದ ಹುಡುಗರ ಆಟವಾಯಿತು?

ಹೋಗಲಿ. ನಾಲ್ಕನ್ನೂ ತರಿಸಿದೆ. ಮೇಲಿನ ಹಲಗೆ ಅರ್ಧ ತುಂಬಿತು.

*

‘ಸ್ವಪ್ನ ಸಾರಸ್ವತ’ಕ್ಕೆ ಸೆಕ್ರೆಟರಿ ತಕರಾರು ತೆಗೆದರು. ಪ್ರಶಸ್ತಿ 2011ರದು ಸರಿ, ಪುಸ್ತಕ ಅಚ್ಚಾದದ್ದು ಅದಕ್ಕಿಂತ ಹಿಂದೆ, ರೂಲ್ ಪ್ರಕಾರ ಬರುವುದಿಲ್ಲ. ಅವರು ಆಡಿಟ್‌ನಲ್ಲಿದ್ದವರು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟು ಕೆಳಗಿಳಿದ ಸಾರಸ್ವತರಿಗೆ ಕ್ಲಬ್‌ಹೌಸಿನಲ್ಲೂ ಜಾಗವಿಲ್ಲವೇ ಎಂದೆ. ನಕ್ಕು ಸುಮ್ಮನಾದರು. ಪುಸ್ತಕ ಇದೆ.

*

‘ಘಾಚರ್ ಘೋಚರ್’ ವಾಪಸು ಬಂದಿದೆ. ಷರಾ ಕಾಲಮ್ಮಿನಲ್ಲಿ ಹಸಿರು ಶಾಯಿಯ ದೂರು: ‘ಕೊನೆಯ ಪುಟಗಳು ಹರಿದುಹೋಗಿವೆ.’

ಕನ್ನಡಕ ಹಾಕಿಕೊಂಡು ಪುಟಸಂಖ್ಯೆ ತಾಳೆ ನೋಡಿದೆ. ಒಂದೂ ಹರಿದಿಲ್ಲ. ವಿವೇಕ ಶಾನಭಾಗರು ನಿಲ್ಲಿಸಿದ್ದೇ ಅಲ್ಲಿ. ಕಾಫಿಹೌಸು, ಲೋಟ, ವಿನ್ಸೆಂಟ್ ಎಂಬ ಮಾಣಿ. ಮನೆಯಲ್ಲಿ ಏನಾಗಿರಬಹುದು ಎನ್ನುವ ಅನುಮಾನ ಓದುಗನ ಕೈಗೆ ಬರುತ್ತದೆ, ಉತ್ತರ ಬರುವುದಿಲ್ಲ. ಎರಡನೇ ಸಲ ಓದುವಾಗ ನಾನೂ ಕೊನೆಯ ಹಾಳೆ ಮಗುಚಿ ನೋಡಿದ್ದು ನಿಜ.

ಈ ಹೆಸರನ್ನು ನೋಟ್‌ಬುಕ್ಕಿನಲ್ಲಿ ಇದುವರೆಗೆ ಐದು ಕಾಗುಣಿತದಲ್ಲಿ ಬರೆದಿದ್ದಾರೆ. ಯಾವುದೂ ತಪ್ಪಲ್ಲ, ಯಾಕೆಂದರೆ ಯಾವ ನಿಘಂಟಿನಲ್ಲೂ ಸರಿಯಾದದ್ದೊಂದು ಇಲ್ಲ. ಒಂದು ಮನೆಯ ಒಡಹುಟ್ಟಿದವರು ಚಿಕ್ಕಂದಿನಲ್ಲಿ ಕಟ್ಟಿಕೊಂಡ ಮಾತು. ಗಾಳಿಪಟದ ದಾರ ಸಿಕ್ಕಾದರೂ ಅದೇ, ಲಾಡಿ ಗಂಟಾದರೂ ಅದೇ. 2013ರಲ್ಲಿ ಕನ್ನಡದಲ್ಲಿ ಬಂತು. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ 2017ರಲ್ಲಿ ಬಂದಾಗ, ನ್ಯೂಯಾರ್ಕ್ ಟೈಮ್ಸ್ ಹೊಗಳಿದ ಮೇಲೆ ನಮ್ಮ ಬ್ಲಾಕಿನ ಮೂರು ಮನೆಯವರು ಕನ್ನಡದ್ದನ್ನು ಕೊಂಡರು. ನ್ಯೂಯಾರ್ಕಿನಿಂದ ಜಯನಗರಕ್ಕೆ ದಾರಿ ಸುತ್ತು, ಆದರೂ ಇದೆ. ಈಗ ಪಾರ್ಕಿಂಗ್ ಜಗಳದಲ್ಲೂ ಈ ಪದ ಬಳಕೆಯಾಗುತ್ತಿದೆ, ಪುಸ್ತಕ ಓದದವರ ಬಾಯಲ್ಲಿ.

*

ಎರಡನೇ ಮಹಡಿಯ ಏಳನೇ ಕ್ಲಾಸಿನ ಹುಡುಗಿ ಹಲಗೆಯ ಮುಂದೆ ನಿಂತು ಕೇಳಿದಳು: “ತಾತ, ಆತ್ಮಕಥೆ ಕಥೆಯಲ್ಲದ್ದಾ?”

ಉತ್ತರ ಹೊಳೆಯಲಿಲ್ಲ. ಕೆಳಗಿನ ಹಲಗೆಯಲ್ಲಿ ಡಿ.ಎಸ್. ನಾಗಭೂಷಣರ ‘ಗಾಂಧಿ ಕಥನ’ವೂ ಇತ್ತು. ಅದನ್ನು ಮೆಲ್ಲಗೆ ತಿರುಗಿಸಿಟ್ಟೆ, ಬೆನ್ನು ಕಾಣದ ಹಾಗೆ.

ಆಮೇಲೆ ರಾತ್ರಿ ಯೋಚಿಸಿದೆ. ‘ನಾನ್‌ಫಿಕ್ಷನ್’ಗೆ ನಮ್ಮಲ್ಲಿ ಸೃಜನೇತರ, ಕಥೇತರ ಎಂಬ ಮಾತುಗಳಿವೆ. ದಿನಸಿ ಚೀಟಿಯ ಕೊನೆಯಲ್ಲಿ ‘ಇತರೆ’ ಬರೆದ ಹಾಗೆ. ಯಾರ ಬಾಯಲ್ಲೂ ಕೇಳಿಲ್ಲ. ಆಡುಮಾತಿನಲ್ಲಿರುವುದು ‘ಕತೆ’ ಒಂದೇ, ಅದಕ್ಕೆ ಎರಡು ನಾಲಿಗೆ. ‘ಏನಪ್ಪ ನಿನ್ನ ಕತೆ’ ಅಂದರೆ ನಿಜ ಹೇಳು. ‘ಕತೆ ಕಟ್ಟಬೇಡ’ ಅಂದರೆ ಸುಳ್ಳು ಹೇಳಬೇಡ. ‘ಅವನ ಕತೆ ಮುಗೀತು’ ಅಂದರೆ ಮನುಷ್ಯನೇ ಮುಗಿದ. ಬಡಗಿ ಆ ಪಟ್ಟಿ ಹೊಡೆಯುವ ಮುಂಚೆ ಯಾರಾದರೂ ಅಜ್ಜಿಯನ್ನು ಕೇಳಬೇಕಿತ್ತು.

*

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (ಮನೋಹರ ಗ್ರಂಥಮಾಲೆ, 2011). ಅರ್ಪಣೆಯ ಪುಟದಲ್ಲೇ ಅರ್ಧ ಗಂಟೆ ನಿಂತುಬಿಟ್ಟೆ. ಹೊಟ್ಟೆಯಲ್ಲಿದ್ದ ಮಗು ಬೇಡವೆಂದು ತಾಯಿ ಪುಣೆಯ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋಗಿದ್ದಾರೆ. ಕಾದಿದ್ದಾರೆ. ಡಾಕ್ಟರು ಅವತ್ತು ಬರಲಿಲ್ಲ, ಎದ್ದು ಬಂದಿದ್ದಾರೆ. ಹುಟ್ಟಿದ ಮಗ ದೊಡ್ಡ ನಾಟಕಕಾರನಾಗಿ ತನ್ನ ಬದುಕನ್ನು ಬರೆದಾಗ ಪುಸ್ತಕವನ್ನು ಅರ್ಪಿಸಿದ್ದು ಅವತ್ತು ಬಾರದೇ ಇದ್ದ ಆ ಡಾಕ್ಟರಿಗೆ. ಇದನ್ನು ನಾಟಕದಲ್ಲಿ ಇಟ್ಟಿದ್ದರೆ ನಾವೇ ‘ಸ್ವಲ್ಪ ಅತಿಯಾಯಿತು’ ಅನ್ನುತ್ತಿದ್ದೆವು. ಕೆಳಗಿನ ಹಲಗೆಯಲ್ಲಿದೆ, ಅದಕ್ಕೇ ನಂಬಬೇಕು.

ಪಕ್ಕದಲ್ಲಿ ಅನಂತಮೂರ್ತಿಯವರ ‘ಸುರಗಿ’ (2012). ಅವರು ಹೇಳಿದ್ದು, ಜ.ನಾ. ತೇಜಶ್ರೀ ಬರೆದುಕೊಂಡದ್ದು. ತಾನೇ ಹೇಳಿ ಇನ್ನೊಬ್ಬರಿಂದ ಬರೆಸಿದರೂ ಆತ್ಮಕಥೆಯೇ? ನನಗೆ ಅದು ತೊಡಕಾಗಲಿಲ್ಲ. ಓದುವಾಗ ಮಾತು ಕೇಳಿಸುತ್ತದೆ, ಬರವಣಿಗೆ ಕಾಣಿಸುವುದಿಲ್ಲ. ಅಷ್ಟು ಸಾಕು. ಸುರಗಿ ಒಣಗಿದ ಮೇಲೂ ಪರಿಮಳ ಬಿಡದ ಹೂವು ಎಂದು ಹುಡುಗಿಗೆ ಹೇಳಿದೆ. “ಪ್ಲಾಸ್ಟಿಕ್ಕಾ?” ಅಂದಳು.

*

ರಾತ್ರಿ ಪಾಳಿಯ ಸೆಕ್ಯೂರಿಟಿ ಹುಡುಗ ಹೊಸಪೇಟೆ ಕಡೆಯವನು. ಹದಿನೈದು ದಿನದಿಂದ ಗೇಟಿನ ಗೂಡಿನಲ್ಲಿ ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಇದೆ. ರೂಲ್ ಪ್ರಕಾರ ಫ್ಲಾಟಿನವರಿಗಷ್ಟೇ ಪುಸ್ತಕ; ಅವನದನ್ನು ನನ್ನ ನಂಬರಿಗೆ ಬರೆದುಕೊಂಡಿದ್ದೇನೆ.

ಇವತ್ತು ತಡೆದು ನಿಲ್ಲಿಸಿದ. “ಸಾರ್, ಇದ್ರಾಗಿನ ಊರು ನಮ್ ಕಡಿ ಎಲ್ಲೂ ಇಲ್ರಿ. ಹೊಳಿ ಮಾತ್ರ ನಮ್ದೇ ಐತಿ.”

ಲಿಸ್ಬನ್ನಿನ ಮಗ್ಗುಲಲ್ಲಿ ಹರಿಯುವ ಹೊಳೆಯನ್ನು ಇಂಗ್ಲಿಷಿನವರು ಟೇಗಸ್ ಎನ್ನುತ್ತಾರೆ, ಅಲ್ಲಿಯವರು ತೇಜೋ ಎನ್ನುತ್ತಾರೆ. ವಸುಧೇಂದ್ರ ಅಲ್ಲಿಯವರ ಹೆಸರನ್ನೇ ಹಿಡಿದದ್ದರಿಂದ ಒಂದು ತಮಾಷೆಯಾಗಿದೆ. ನಮ್ಮ ಮೇಲಿನ ಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು ಅದನ್ನು ಸಮಾಸವೆಂದು ಬಿಡಿಸಿ, ತೇಜಸ್ಸಿನಿಂದ ಕೂಡಿದ ತುಂಗಭದ್ರೆ ಎಂದು ಅರ್ಥ ಹೇಳಿಬಿಟ್ಟರು. ಪೋರ್ಚುಗಲ್ಲಿನ ಹೊಳೆ ಎಂದಾಗ ಅವರ ಮುಖದಲ್ಲಿ ತೇಜೋವಧೆಯಾದ ಕಳೆ. ಆದರೆ ಕಾದಂಬರಿ ಮಾಡುವುದೂ ಅದನ್ನೇ ತಾನೆ? ಲಿಸ್ಬನ್ನಿನಲ್ಲಿ ಯಹೂದಿಗಳನ್ನು ಅಟ್ಟುವುದು, ಇಲ್ಲಿ ವಿಜಯನಗರ, ನಡುವೆ 1510ರಲ್ಲಿ ಅಲ್ಬುಕರ್ಕ್ ಹಿಡಿದ ಗೋವಾ. ಎರಡು ಹೊಳೆಗೆ ಒಂದೇ ಹೆಸರಿನಲ್ಲಿ ಗಂಟು.

ಒಂದು ದಶಕದಲ್ಲಿ ಓದುಗರು ಮೆಚ್ಚಿದ ಎರಡು ದೊಡ್ಡ ಕಾದಂಬರಿಗಳು, ಇದೂ ‘ಸ್ವಪ್ನ ಸಾರಸ್ವತ’ವೂ, ಪೋರ್ಚುಗೀಸರ ಗೋವಾಕ್ಕೇ ಹೋಗಿ ಬಂದವಲ್ಲ ಎಂಬುದು ನನಗೆ ಇನ್ನೂ ಬಿಡಿಸಲಾಗದ ಒಗಟು. ಐನೂರು ವರ್ಷದ ಹಿಂದಿನ ಮತಾಂತರ, ಊರು ಬಿಟ್ಟು ಓಡುವುದು, ದೇವರನ್ನು ಕದ್ದು ಒಯ್ಯುವುದು; ಇದನ್ನೆಲ್ಲ ಈಗ ಓದುವವರು ಅದರಲ್ಲಿ ಯಾವ ಕಾಲವನ್ನು ಓದುತ್ತಿದ್ದಾರೆ?

ಹುಡುಗ ಇನ್ನೊಂದು ಕೇಳಿದ. “ಇದು ಖರೇ ನಡದದ್ದೋ, ಇವರು ಬರದದ್ದೋ?” ಎರಡೂ ಅಂದೆ. “ಹಂಗಾರ ಎರಡೂ ಹಲಿಗಿಗೆ ಒಂದೊಂದು ಇಡ್ರಿ.” ಬಜೆಟ್ ಇಲ್ಲ ಮಾರಾಯ.

*

ಅದೇ ವಸುಧೇಂದ್ರರ ‘ಮೋಹನಸ್ವಾಮಿ’. 2013. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಒಯ್ದವರು ಇಬ್ಬರು. ಬರೆಸದೆ ಒಯ್ದವರು ಎಷ್ಟೋ. ಸಂಜೆ ನೋಡಿದರೆ ಇರುವುದಿಲ್ಲ, ಬೆಳಿಗ್ಗೆ ಇರುತ್ತದೆ, ಒಮ್ಮೊಮ್ಮೆ ಬೇರೆ ಜಾಗದಲ್ಲಿ. ಗಂಡನ್ನು ಪ್ರೀತಿಸುವ ಗಂಡಿನ ಕತೆಗಳು. ಲೇಖಕರು ಇದು ತಮ್ಮ ಬದುಕಿಗೆ ಹತ್ತಿರದ್ದು ಎಂದು ಬಹಿರಂಗವಾಗಿ ಹೇಳಿದ್ದಾರೆ. ಹಾಗಾದರೆ ಯಾವ ಹಲಗೆ? ಮೇಲಿನದೇ. ಅವರು ಕತೆ ಎಂದಿದ್ದಾರೆ, ನಾನು ಯಾರು ಕೆಳಗಿಳಿಸಲು.

ಈ ಪುಸ್ತಕದ ವಿಚಿತ್ರ ಬೇರೆಯೇ. ಬಂದ ವರ್ಷವೇ, ಡಿಸೆಂಬರ್ 11ಕ್ಕೆ, ಸುಪ್ರೀಂ ಕೋರ್ಟ್ 377ನೇ ಕಲಮನ್ನು ಮತ್ತೆ ಊರ್ಜಿತಗೊಳಿಸಿತು. ಮೋಹನಸ್ವಾಮಿ ಅಪರಾಧಿಯಾದ. 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟು ಅವನನ್ನು ಬಿಡಿಸಿತು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಒಳಗಿನ ಮನುಷ್ಯ ಮಾತ್ರ ಆಚೆ ಈಚೆ ಹೋಗಿ ಬಂದ. ಕಚೇರಿಯಲ್ಲಿದ್ದಾಗ ಸುತ್ತೋಲೆ ಬಂದ ಕೂಡಲೇ ಹಳೆಯ ಕಡತಗಳ ಅರ್ಥ ಬದಲಾಗುವುದನ್ನು ಕಂಡಿದ್ದೇನೆ. ಕಥಾಸಂಕಲನಕ್ಕೂ ಹಾಗಾಗುತ್ತದೆ ಎಂದು ಗೊತ್ತಿರಲಿಲ್ಲ.

*

ಭೈರಪ್ಪನವರ ‘ಯಾನ’ (2014), ‘ಉತ್ತರಕಾಂಡ’ (2017). ಕಪಾಟಿನಲ್ಲಿ ನಾನೇ ಇನ್ನೂ ಸರಿಯಾಗಿ ನೋಡಿಲ್ಲ, ಸದಾ ಯಾರದೋ ಮನೆಯಲ್ಲಿರುತ್ತವೆ. ಎಂಬತ್ತು ದಾಟಿದ ಮೇಲೆ ಒಬ್ಬರು ಗಂಡು ಹೆಣ್ಣನ್ನು ನೌಕೆಯಲ್ಲಿ ಕೂರಿಸಿ ನಕ್ಷತ್ರಲೋಕಕ್ಕೆ ಕಳಿಸುತ್ತಾರೆ, ಮೂರು ವರ್ಷ ಕಳೆದು ಸೀತೆಯ ಬಳಿ ಬಂದು ಕೂರುತ್ತಾರೆ. ಅವರು ತೀರಿಕೊಂಡ ಸೆಪ್ಟೆಂಬರಿನಲ್ಲಿ (2025) ಇಬ್ಬರು ಒಂದೇ ದಿನ ‘ಯಾನ’ಕ್ಕೆ ಸಾಲಿನಲ್ಲಿ ನಿಂತು ಜಗಳವಾಡಿದರು. ಒಪ್ಪದವರೂ ಓದುತ್ತಾರೆ, ಓದಿ ನನ್ನ ಹತ್ತಿರ ಬಂದು ಬೈಯುತ್ತಾರೆ.

‘ಸ್ವಾತಂತ್ರ್ಯದ ಓಟ’ಕ್ಕೆ ಮಾತ್ರ ಗಿರಾಕಿಯಿಲ್ಲ. ಸಾವಿರ ಪುಟ ಮೀರಿದ್ದು. ಒಬ್ಬರು ಕೈಯಲ್ಲಿ ತೂಗಿ ನೋಡಿ ವಾಪಸಿಟ್ಟರು. ಆಗಸ್ಟ್ 15ರ ಮ್ಯಾರಥಾನ್ ಸಮಿತಿಯವರೊಬ್ಬರು ಹೆಸರು ನೋಡಿ ಒಯ್ದು, ಮರುದಿನ ಮಾತಿಲ್ಲದೆ ತಂದಿಟ್ಟರು. ದೇಶ ಒಡೆದ ಗಲಾಟೆಯಿಂದ ಹೊರಟು ಕರಾವಳಿಯ ಮುತ್ತುಪ್ಪಾಡಿಗೆ ಬಂದು ಬೀಳುವ ಕತೆ ಅದು. ಆ ಊರೂ ನಕಾಶೆಯಲ್ಲಿಲ್ಲ, ಆದರೆ ಬೊಳುವಾರರ ಪುಸ್ತಕ ಹಿಡಿದವರಿಗೆಲ್ಲ ಅದರ ದಾರಿ ಗೊತ್ತು. ಹತ್ತು ದಿನ ಬಿಡುವು ಮಾಡಿಕೊಂಡು ಓದಿ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಜನ ಈಗ ಮೆಟ್ಟಿಲಲ್ಲಿ ಹೋಗುತ್ತಿದ್ದಾರೆ.

*

ಬಾನು ಮುಷ್ತಾಕ್ ಪುಸ್ತಕ ಯಾಕಿಲ್ಲ ಎಂದು ಏಳು ಜನ ಕೇಳಿದರು. 2025ರ ಮೇ ತಿಂಗಳಿಗೆ ಮುಂಚೆ ಒಬ್ಬರೂ ಕೇಳಿರಲಿಲ್ಲ; ನಾನೂ ತರಿಸಿರಲಿಲ್ಲ, ಅದನ್ನೂ ಬರೆದಿಡಬೇಕು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿ ಗೆದ್ದ ಮೊದಲ ಸಣ್ಣಕತೆಗಳ ಸಂಕಲನ. ಸಣ್ಣಕತೆ! ನನ್ನ ಪಟ್ಟಿಯಲ್ಲಿ ಸೊನ್ನೆ ಬಿದ್ದಿದ್ದ ಕಾಲಮ್ಮು.

ಒಳಗಿರುವ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಹೆಸರು ಕೊಟ್ಟ ‘ಎದೆಯ ಹಣತೆ’ ಸಂಕಲನ 2004ರದು. ಸೆಕ್ರೆಟರಿಯ ರೂಲ್ ಪ್ರಕಾರ ಇದು ಯಾವ ದಶಕ? ಅವರನ್ನೇ ಕೇಳಿದೆ. ಕ್ಯಾಲ್ಕ್ಯುಲೇಟರ್ ತೆಗೆದರು, ಇಟ್ಟರು. “ತಗೊಳ್ಳಿ ಸಾರ್, ಮಿನಿಟ್ಸ್‌ನಲ್ಲಿ ವಿಶೇಷ ಪ್ರಕರಣ ಅಂತ ಬರೀತೀನಿ.”

*

ವಿಜಯಾ ಅವರ ‘ಕುದಿ ಎಸರು’ ಕಾಣೆ. ಕೆಳಗಿನ ಹಲಗೆಯಲ್ಲಿ ಹುಡುಕಿದೆ, ಮೇಲೆ ಹುಡುಕಿದೆ. ಸಿಕ್ಕಿದ್ದು ಕಿಟಕಿ ಕಡೆಯ ಸಣ್ಣ ಗೂಡಿನಲ್ಲಿ, ‘ಅಡುಗೆ, ಆರೋಗ್ಯ’ ಎಂದು ಬರೆದಲ್ಲಿ, ಮಧುಮೇಹಿಗಳಿಗೆ ಸಿರಿಧಾನ್ಯ ಮತ್ತು ಮೈಕ್ರೋವೇವ್ ತಿನಿಸುಗಳ ನಡುವೆ. ಯಾರೋ ಪಾಪ, ಹೆಸರು ನೋಡಿ ಇಟ್ಟಿದ್ದಾರೆ. ಅನ್ನಕ್ಕೆ ಇಟ್ಟ ನೀರು ಎಸರು. ಅಕ್ಕಿ ಹಾಕುವ ಮುಂಚೆ ಕುದಿಯುತ್ತದಲ್ಲ, ಅದು. ಬಾಲ್ಯ, ದಾಂಪತ್ಯದ ಹಿಂಸೆ, ಆಮೇಲೆ ಪತ್ರಿಕೆ, ಬೀದಿನಾಟಕ ಎಂದು ಒಬ್ಬ ಹೆಂಗಸು ತನ್ನನ್ನು ಕಟ್ಟಿಕೊಂಡ ಬಗೆ ಅದರಲ್ಲಿದೆ. ತಂದು ಸರಿಯಾದ ಜಾಗದಲ್ಲಿಟ್ಟೆ.

ಮೂರು ದಿನ ಬಿಟ್ಟು ನೋಡಿದರೆ ಮತ್ತೆ ಅಡುಗೆ ಗೂಡಿನಲ್ಲಿ. ಮತ್ತೆ ತಂದಿಟ್ಟೆ. ಮತ್ತೆ ಅಲ್ಲಿ. ರಟ್ಟಿನ ಮೇಲೆ ಅರಿಶಿನದ ಬೆರಳು. ಎಷ್ಟೋ ಪುಟಗಳ ಮೂಲೆ ಮಡಿಸಿದ್ದಾರೆ, ಒಂದೇ ಥರ ಅಲ್ಲ. ಒಂದು ಮೂಲೆ ಚಿಕ್ಕದಾಗಿ, ಒಂದು ಅರ್ಧ ಪುಟ ಬರುವ ಹಾಗೆ. ನಾಲ್ಕೈದು ಕೈಯಾದರೂ ಇರಬೇಕು. ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಹಿ ಇಲ್ಲ.

ಗುರುವಾರ ಮಧ್ಯಾಹ್ನ ಕಾದು ಕೂತೆ. ಎಂಟನೇ ಮಹಡಿಯಲ್ಲಿ ಅಡುಗೆ ಮಾಡುವ ಹೆಂಗಸು ಬಂದು, ನೇರ ಆ ಗೂಡಿಗೆ ಕೈಹಾಕಿ, ಪುಸ್ತಕವನ್ನು ಸೆರಗಿನೊಳಗೆ ಸೇರಿಸಿದರು. ನನ್ನನ್ನು ನೋಡಿ ಹೆದರಲಿಲ್ಲ.

“ಇದರ ಜಾಗ ಇಲ್ಲಲ್ಲ ಕಣಮ್ಮ,” ಅಂದೆ.

“ಅಲ್ಲೇ ಇರ್ಲಿ ಬಿಡಿ ಸಾರ್. ದೊಡ್ಡ ಕಪಾಟಿನ ತಂಕ ನಾವು ಹೋಗೋ ಹಂಗಿಲ್ಲ. ಅಡುಗೆ ಪುಸ್ತಕ ತಗೊಂಡ್ರೆ ಯಾರೂ ಕೇಳಲ್ಲ.”

ನೋಟ್‌ಬುಕ್ ತೆಗೆದು ‘ಕುದಿ ಎಸರು’ ಇರುವ ಸಾಲಿನಲ್ಲಿ ‘ಕಥೆಯಲ್ಲದ್ದು’ ಎಂಬುದನ್ನು ಹೊಡೆದು ‘ಅಡುಗೆ’ ಎಂದು ತಿದ್ದಿದೆ. ಪಕ್ಕದಲ್ಲಿ ನನ್ನ ಚಿಕ್ಕ ಸಹಿ ಹಾಕಿದೆ. ಷರಾ ಖಾಲಿ ಬಿಟ್ಟೆ.